ಲ್ಯಾಬ್ ಸೇರಿದ ಪಾವು

ಉಷಾರಾಣಿ ಹೂಸ್ಟನ್ನಿನ ಗಾಜಿನ ಬಾಟಲಿ ಕಾರ್ಖಾನೆಯೊಂದರಲ್ಲಿ ಕೆಮಿಸ್ಟ್. ಗಾಜಿನ ಮರಳು ಬೇಗ ಕರಗಲು ಅದಕ್ಕೆ ಸೋಡಾ ಆಶ್ ಬೆರೆಸುತ್ತಾರೆ. 2003ರಲ್ಲಿ ಖರೀದಿ ವಿಭಾಗದ ಪ್ರಶಾಂತ್ ಹರಳಿನಂಥ ‘ಡೆನ್ಸ್’ ಬದಲು ನುಣ್ಣನೆ ಪುಡಿಯ ‘ಲೈಟ್’ ಸೋಡಾ ಆಶ್ ತರಿಸಲು ಹೊರಟ.

"ಡೆನ್ಸ್ ಬರೋದು ಲೇಟ್ ಆಗುತ್ತೆ ಮೇಡಂ. ಎರಡರ ಶುದ್ಧತೆನೂ ಒಂದೇ ಅಲ್ವಾ?"

ಬಾಯಿಮಾತಿನ ವಾದ ಉಷಾರಾಣಿಗೆ ಆಗದು. ಮರುದಿನ ಮನೆಯಿಂದ ಅಕ್ಕಿ ಅಳೆಯುವ ಸ್ಟೀಲ್ ಪಾವನ್ನೇ ತಂದಳು. ಡೆನ್ಸ್ ಒಂದು ಪಾವು ತುಂಬಿ ತೂಗಿದಳು. ಲೈಟ್ ತುಂಬಿದರೆ ತೂಕ ಹೆಚ್ಚುಕಡಿಮೆ ಅರ್ಧ. ಆಮೇಲೆ ಎರಡನ್ನೂ ಬೇರೆಬೇರೆ ಜಾಡಿಗಳಲ್ಲಿ ಮರಳಿನೊಂದಿಗೆ ಬೆರೆಸಿ ಕುಲುಕಿದಳು. ಡೆನ್ಸ್‌ನ ಹರಳು ಮರಳಿನೊಂದಿಗೇ ಉಳಿಯಿತು. ಲೈಟ್‌ನ ಪುಡಿ ಬೇರೆಯಾಯಿತು. ಮುಚ್ಚಳ ತೆಗೆದದ್ದೇ ಪ್ರಶಾಂತನ ಕಪ್ಪು ಶರ್ಟಿನ ಮೇಲೆಲ್ಲ ಹಾರಿತು.

"ಕುಲುಮೆಗೂ ಹೀಗೇ ಹೋದ್ರೆ ಬಾಟಲಿಯಲ್ಲಿ ಕರಗದ ಮರಳು ಉಳಿಯುತ್ತೆ."

"ಹಾಗಾದ್ರೆ ಲೈಟ್ ಕೆಟ್ಟದ್ದಾ ಮೇಡಂ?"

"ಯಾರ್ರೀ ಹಾಗಂದಿದ್ದು? ಸೋಪಿನ ಪುಡಿ ಮಾಡೋರಿಗೆ ಅದೇ ಬೇಕು, ಬೇಗ ಕರಗುತ್ತೆ. ನಮಗೆ ಬೇಡ."

ಡೆನ್ಸೇ ಬಂತು. ಸೋಡಾ ತುಂಬಿದ್ದ ಪಾವು ಮಾತ್ರ ಅಡುಗೆಮನೆಗೆ ಮರಳಲಿಲ್ಲ. ಮನೆಯಲ್ಲೀಗ ಕಾಫಿ ಮಗ್ಗಿನ ಅಳತೆ; ಅನ್ನ ಒಂದು ದಿನ ಮುದ್ದೆ, ಇನ್ನೊಂದು ದಿನ ಅಕ್ಕಿ. ಗಂಡ ಮಹಾಬಲೇಶ್ವರ ಗೊಣಗಿದರೆ ಅವಳದು ಒಂದೇ ಉತ್ತರ:

"ಅಲ್ಲಿ ಒಂದು ಬಾಟಲೀನೂ ಕೆಟ್ಟಿಲ್ಲ. ಅನ್ನ ನೀವೇ ಅಳೆದು ಮಾಡಿ."