ಗಡಸು ಕಂಬಳಿಯ ಅರ್ಥ

ಅರಕೇರಾದ ಮಾರೆಮ್ಮ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಬಸ್ಸಿನ ಬೋರ್ಡು ನೋಡುತ್ತ ಅಕ್ಷರ ಕಲಿತವಳು. ನಲವತ್ತು ವರ್ಷ ಕಂಬಳಿಗೆ ಹುಣಸೆಬೀಜದ ಗಂಜಿ ಹಚ್ಚಿದ ಕೈ ಅವಳದು. ಮಾನ್ವಿಯ ಕಾಲೇಜಿನಲ್ಲಿ ಓದುವ ಮೊಮ್ಮಗಳು ಮಲ್ಲೇಶ್ವರಿ ಮರುದಿನ ತರಗತಿಯಲ್ಲಿ ಒಂದು ಪದ್ಯ ವಿವರಿಸಬೇಕಿತ್ತು. ನಲ್ಲ ಬಿಟ್ಟುಹೋದ ಹೆಣ್ಣಿನ ಮಾತು ಅದು. ‘ನೀ ಕೊಟ್ಟ ಕಂಬಳಿ ಇನ್ನೂ ಗಡಸಾಗಿದೆ’ ಎಂಬ ಸಾಲಿನಲ್ಲಿ ಹುಡುಗಿ ಸಿಕ್ಕಿಕೊಂಡಿದ್ದಳು.

“ಅಕಿ ಮನಸು ಕಲ್ಲಾಗೇದ ಅಂತ ಗೈಡಿನ್ಯಾಗ ಬರದಾರ, ಯವ್ವಾ.”

“ಬರದಾಂವ ಕಂಬಳಿ ಹೊದ್ದಿಲ್ಲ ಬಿಡು,” ಎಂದಳು ಮಾರೆಮ್ಮ. “ಗಂಜಿ ಹಚ್ಚಿದ್ದು ಹೊದ್ದಂಗ ಹೊದ್ದಂಗ ಮೆತ್ತಗಾಗ್ತದ. ಗಡಸದ ಅಂದ್ರ ಅಕಿ ಒಂದಿನಾನೂ ಹೊದ್ದಿಲ್ಲ. ಅಂವ ಬಂದು ಹೊದಿಸ್ಲಿ ಅಂತ ಕಾಯಾಕತ್ತಾಳ, ಹುಚ್ಚಿ.”

ಮರುದಿನ ಮಲ್ಲೇಶ್ವರಿ ಆ ಕಂಬಳಿ ಕಾಯುವಿಕೆಯ ಪ್ರತಿಮೆ ಎಂದು ಬಿಡಿಸಿ ಹೇಳಿದಾಗ, ಕನ್ನಡ ಮೇಷ್ಟ್ರು ಅದನ್ನು ತಮ್ಮ ಪುಸ್ತಕದ ಅಂಚಿನಲ್ಲಿ ಬರೆದುಕೊಂಡರು.