ಕಿಂಡಿಯಿಲ್ಲದ ಹೊದಿಕೆ

ಬೀದಿಯವರೆಲ್ಲ ಅವನನ್ನು ದಬ್ಬಣ ಎಂದೇ ಕರೆಯುತ್ತಿದ್ದರು. ಟಾರ್ಪಾಲು, ಲಾರಿಯ ಹೊದಿಕೆ, ಅಂಗಡಿ ಮುಂದಿನ ನೆರಳುಬಟ್ಟೆ ಹೊಲಿಯುವುದು ಅವನ ಕಸುಬು. ಆಳೂ ದಬ್ಬಣದ ಹಾಗೇ ಇದ್ದ, ಉದ್ದಕ್ಕೆ, ಸಪೂರವಾಗಿ, ಬಾಯಿ ತೆರೆದರೆ ಚುಚ್ಚುವ ಹಾಗೆ. ಹೆಸರಿಟ್ಟವನು ಮಾವನೇ. ಅದಕ್ಕೇ ಅವನಿಗೆ ಆ ಹೆಸರಿನ ಬಗ್ಗೆ ಬೇಸರವಿರಲಿಲ್ಲ.

ಮಾವ ಶಾಲಾಬಸ್ಸಿನ ಡ್ರೈವರಾಗಿ ನಿವೃತ್ತನಾದವನು. ಅತ್ತೆ ಹಾಸಿಗೆ ಹಿಡಿದಾಗ ಹಿರಿಮಗಳು ಗಂಡನನ್ನೂ ಹೊಲಿಗೆಯ ಮಿಷನ್ನನ್ನೂ ಕಟ್ಟಿಕೊಂಡು ತವರಿಗೆ ಬಂದಳು. ದಬ್ಬಣ ಮುಂಬಾಗಿಲ ಕೋಣೆಯನ್ನು ಅಂಗಡಿ ಮಾಡಿಕೊಂಡ. ಅತ್ತೆಯನ್ನು ಎತ್ತಿಕೊಂಡು ಮೆಟ್ಟಿಲಿಳಿಸುತ್ತಿದ್ದವನು ಅವನು, ಸೋರುವ ಸೂರಿಗೆ ಟಾರ್ಪಾಲು ಹೊಚ್ಚಿದವನೂ ಅವನೇ. ಆಕೆ ತೀರಿಕೊಂಡ ಮೇಲೆ ಮಾವ ಬಂದವರ ಮುಂದೆಲ್ಲ, "ದೊಡ್ಡಳಿಯ ಈ ಮನೆಗೆ ಕಂಬ ಇದ್ದ ಹಾಗೆ" ಎನ್ನುತ್ತಿದ್ದ. ದಬ್ಬಣ ಕೇಳಿಸದವನಂತೆ ಮಿಷನ್ ತುಳಿಯುತ್ತಿದ್ದ. ಕೇಳಿಸುತ್ತಿತ್ತು. ಆ ಮಾತನ್ನು ಅವನು ಮಕ್ಕಳು ಮಿಠಾಯಿಯನ್ನು ದವಡೆಯಲ್ಲಿ ಒತ್ತಿಟ್ಟುಕೊಂಡ ಹಾಗೆ ದಿನವೆಲ್ಲ ಚೀಪುತ್ತಿದ್ದ.

ಆಮೇಲೆ ಕಿರಿಮಗಳ ಗಂಡನಿಗೆ ಇದೇ ಊರಿಗೆ ವರ್ಗವಾಯಿತು. ಲಿಫ್ಟ್ ರಿಪೇರಿ ಮಾಡುವ ಕೆಲಸ. ಮಹಡಿಯ ಮೇಲಿನ ಕೋಣೆ ಖಾಲಿಯಿದ್ದುದರಿಂದ ಗಂಡಹೆಂಡಿರಿಬ್ಬರೂ ಅಲ್ಲಿಗೆ ಬಂದಿಳಿದರು. ದಬ್ಬಣನ ಈ ಷಡ್ಡಕ ತುಂಬುಗೆನ್ನೆಯವನು. ಶಿಳ್ಳೆ ಹಾಕಿಕೊಂಡೇ ಮೆಟ್ಟಿಲು ಹತ್ತುತ್ತಿದ್ದ. ಮಾವ ತನ್ನ ಬಸ್ಸಿನ ಕಾಲದ ಕತೆ ತೆಗೆದರೆ ಕುರ್ಚಿ ಎಳೆದುಕೊಂಡು ಕೂತು, "ಆಮೇಲೆ?" ಎನ್ನುತ್ತಿದ್ದ. ಬ್ರೇಕು ಹಿಡಿಯದ ಬಸ್ಸನ್ನು ಮರಳಿನ ಗುಡ್ಡೆಗೆ ನುಗ್ಗಿಸಿ ಮಕ್ಕಳನ್ನು ಉಳಿಸಿದ ಕತೆಯನ್ನು ಅವನು ಎಷ್ಟು ಸಲ ಕೇಳಿದರೂ ಮರಳಿನ ಗುಡ್ಡೆ ಬಂದಾಗ ತಪ್ಪದೆ ತೊಡೆ ತಟ್ಟುತ್ತಿದ್ದ. ದಬ್ಬಣನಾದರೆ ಕತೆ ಶುರುವಾಗುತ್ತಲೇ, "ಇದು ಹೇಳಿದ್ರಲ್ಲ ಮಾವ" ಎಂದು ಮುಗಿಸಿಬಿಡುತ್ತಿದ್ದ.

ಮನೆಯಲ್ಲಿ "ಚಿಕ್ಕಳಿಯ ಬಂದ್ನಾ? ಚಿಕ್ಕಳಿಯ ಊಟ ಮಾಡಿದ್ನಾ?" ಶುರುವಾಯಿತು. ಕಂಬದ ಮಾತು ನಿಂತಿತು. ಕಂಬ ನೆಟ್ಟ ಮೇಲೆ ಅದನ್ನು ಯಾರು ನೋಡುತ್ತಾರೆ?

ಆ ಮನೆಯ ಹಿಂದೆ, ಹಳೆಯ ಕಾರ್ಖಾನೆಯೊಂದನ್ನು ಕೆಡವಿ ಬಿಟ್ಟ ದೊಡ್ಡ ಬಯಲಿತ್ತು. ಗಾಳಿಯ ತಿಂಗಳುಗಳು ಬಂದರೆ ಮಧ್ಯಾಹ್ನದ ಮೇಲೆ ಅಲ್ಲಿಂದ ಎದ್ದ ಗಾಳಿ ಎರಡು ಮನೆಗಳ ನಡುವಿನ ಸಂದಿಗೆ ನುಗ್ಗಿ, ಈ ಅಂಗಳಕ್ಕೆ ಬಂದು ಸಿಟ್ಟು ತೀರಿಸಿಕೊಳ್ಳುತ್ತಿತ್ತು. ಬಕೆಟ್ಟು ಉರುಳುತ್ತಿತ್ತು, ಒಣಗಹಾಕಿದ ಅಂಗಿ ಪಕ್ಕದ ಮನೆಯವರಿಗೆ ದಾನವಾಗುತ್ತಿತ್ತು. ದಬ್ಬಣನ ಹಳೆಯ ಮೋಟರ್ ಸೈಕಲ್ಲಂತೂ ಬಿದ್ದು ಬಿದ್ದು ಕನ್ನಡಿ ಕಳೆದುಕೊಂಡಿತ್ತು, ಟ್ಯಾಂಕು ನೆಗ್ಗಿತ್ತು, ಕ್ಲಚ್ಚಿನ ಹಿಡಿ ಮುರಿದು ಮೊಂಡಾಗಿತ್ತು. ಬಿದ್ದಾಗೆಲ್ಲ ಮಾವ ಜಗಲಿಯಿಂದಲೇ, "ನಿಲ್ಲಿಸೋದು ಕಲಿ ಕಣಪ್ಪ" ಎನ್ನುತ್ತಿದ್ದ. ಅಂಗಳದಲ್ಲಿ ಗಾಳಿ ಅಷ್ಟಾಗಿ ತಾಗದ ಜಾಗ ಒಂದೇ ಒಂದು, ಜಗಲಿಯ ಪಕ್ಕದ ಗೋಡೆಯ ಮೂಲೆ. ಅಲ್ಲಿ ಮಾವನ ಕಾಲದ ಹರಕು ಸೋಫಾ ಬಿದ್ದಿತ್ತು. ಅದನ್ನು ತೆಗೆಯೋಣ ಎಂದು ದಬ್ಬಣ ಕೇಳಿದಾಗಲೆಲ್ಲ ಮಾವ "ನೋಡೋಣ" ಎಂದಿದ್ದ.

ಷಡ್ಡಕ ಹೊಸ ಮೋಟರ್ ಸೈಕಲ್ಲು ತಂದ ದಿನವೇ ಸೋಫಾ ಹೊರಗೆ ಹೋಯಿತು.

"ಹೊಸ ಗಾಡಿ, ಗೋಡೆ ಪಕ್ಕ ಇರ್ಲಿ" ಎಂದ ಮಾವ. ಕೆಂಪು ಬಣ್ಣದ ಗಾಡಿ. ದಬ್ಬಣನ ಹೆಂಡತಿ ಸಹ ಹೊರಗೆ ಬಂದು ಅದರ ಸೀಟನ್ನು ಸವರಿ ನೋಡಿದಳು. "ಎಷ್ಟು ಮೆತ್ತಗಿದೆ ನೋಡ್ರೀ!" ಎಂದಳು ಗಂಡನಿಗೆ. ಅವನ ಹೊಟ್ಟೆಯೊಳಗೆ ಯಾರೋ ಕಡ್ಡಿ ಗೀರಿದಂತಾಯಿತು.

"ಸೀಟೇನು ಮೆತ್ತಗೇ ಇರತ್ತೆ, ಕೂತೋನು ಮೆತ್ತಗಿರ್ಬಾರ್ದು ಅಷ್ಟೆ" ಎಂದ. ಯಾರೂ ನಗಲಿಲ್ಲ. ಷಡ್ಡಕ ಮಾತ್ರ ಹೋ ಎಂದು ನಕ್ಕ. ಅದು ಇನ್ನೂ ಉರಿಯಿತು.

ಅಂದಿನಿಂದ ದಬ್ಬಣನಿಗೆ ಮಿಷನ್ನಿನ ಮುಂದೆ ಕೂತರೂ ಕಣ್ಣು ಕಿಟಕಿಯಾಚೆಗೇ. ಷಡ್ಡಕ ಬೆಳಗಾಗೆದ್ದು ಗಾಡಿ ಒರೆಸುವುದು, ಮಾವ ಕಡ್ಡಿಯಲ್ಲಿ ತೋರಿಸುತ್ತ "ಅಲ್ಲಿ, ಅಲ್ಲಿ ಇನ್ನೂ ಧೂಳಿದೆ" ಎನ್ನುವುದು, ಇಬ್ಬರೂ ಒಂದೇ ತಟ್ಟೆಯ ಬಿಸ್ಕತ್ತಿಗೆ ಕೈ ಹಾಕುವುದು. ಎಲ್ಲ ಕಾಣುತ್ತಿತ್ತು. ಕಾಣದಿದ್ದದ್ದನ್ನು ಅವನು ಊಹಿಸಿಕೊಳ್ಳುತ್ತಿದ್ದ. ಗಾಳಿ ಬೀಸಿದ ದಿನವಂತೂ ತನ್ನ ಗಾಡಿ ದಡಕ್ಕನೆ ಬೀಳುತ್ತಿತ್ತು, ಪಕ್ಕದಲ್ಲೇ ಆ ಕೆಂಪು ಗಾಡಿ ಮದುಮಗನ ಹಾಗೆ ನಿಂತಿರುತ್ತಿತ್ತು. "ಗಾಳಿಗೂ ಗೊತ್ತು ನೋಡು, ಯಾರು ಯಾವ ಮನೆಯ ಮುದ್ದು ಅಂತ" ಎಂದು ಹೆಂಡತಿಯ ಮುಂದೆ ಗೊಣಗಿದ.

"ನಮ್ಮಪ್ಪಂಗೆ ಹೇಳಿ ನಿಮ್ದನ್ನೂ ಒಳಗೆ ಸರಿಸ್ಕೊಳಿ."

"ಕೇಳಿ ತಗೊಳೋಕೆ ನಾನೇನು ಬಾಡಿಗೆಗಿದೀನಾ?"

ಹೀಗಿರುವಾಗ ಒಂದು ಸಂಜೆ ಷಡ್ಡಕ ಅಂಗಡಿಯೊಳಗೆ ಬಂದ. "ಭಾವ, ಗಾಡಿ ಬೀಳಲ್ಲ, ಸರಿ. ಆದ್ರೆ ಗಾಳಿ ಬಯಲಿನ ಮರಳೆಲ್ಲ ತಂದು ಎರಚತ್ತೆ, ಬಣ್ಣವೆಲ್ಲ ಗೀರಾಗ್ತಿದೆ. ಒಂದು ಹೊದಿಕೆ ಹೊಲಿದು ಕೊಡ್ತೀಯಾ? ನಿನ್ನ ಕೈದೇ ಬೇಕು."

"ನಿನ್ನ ಕೈದೇ ಬೇಕು" ಎಂಬ ಮಾತು ಬೇರೆ ಯಾರ ಬಾಯಿಂದ ಬಂದಿದ್ದರೂ ದಬ್ಬಣ ಉಬ್ಬಿಹೋಗುತ್ತಿದ್ದ. ಈಗ ಅಳತೆಪಟ್ಟಿ ಹಿಡಿದು ಹೊರಗೆ ಹೋದ.

ಗಾಡಿಯ ಹೊದಿಕೆ ಹೊಲಿಯುವುದು ಅವನಿಗೆ ನೀರು ಕುಡಿದಷ್ಟು ಸುಲಭ. ಗಾಳಿಯ ಊರಿನಲ್ಲಿ ಬರೀ ಬಟ್ಟೆ ಹೊದಿಸಿದರೆ ಅದು ಹಾಯಿಯಾಗುತ್ತದೆ. ಗಾಡಿಯನ್ನು ಕಾಯಬೇಕಾದ್ದೇ ಗಾಡಿಯನ್ನು ಬೀಳಿಸುತ್ತದೆ. ಅದಕ್ಕೆ ಎರಡೂ ಮಗ್ಗುಲಿಗೆ ಬಲೆ ಕೂರಿಸಿದ ಕಿಂಡಿ ಬೇಕು, ಹೊಕ್ಕ ಗಾಳಿ ಆಚೆಗೆ ಹೋಗಲು. ಕಿಂಡಿಯ ಮೇಲೆ ಧೂಳು ತಡೆಯುವ ಮಡಿಕೆ ಬೇಕು. ಕೆಳಗೆ ಹೊಟ್ಟೆಪಟ್ಟಿ ಕಟ್ಟಬೇಕು. ಎಲ್ಲ ಗಿರಾಕಿಗಳಿಗೂ ಅವನು ಹಾಗೇ ಹೊಲಿಯುತ್ತಿದ್ದ.

ಷಡ್ಡಕನ ಹೊದಿಕೆಗೂ ಮಡಿಕೆ ಹೊಲಿದ. ಕತ್ತರಿ ತೆಗೆದುಕೊಂಡು ಕಿಂಡಿ ಕೊರೆಯಬೇಕಾದಾಗ ಅಂಗಳದಿಂದ ಮಾವನ ನಗು ಕೇಳಿಸಿತು. ಮರಳಿನ ಗುಡ್ಡೆ ಬಂದಿತ್ತು. ತೊಡೆ ತಟ್ಟಿದ ಸದ್ದೂ ಬಂತು. ದಬ್ಬಣ ಕತ್ತರಿ ಕೆಳಗಿಟ್ಟ. ಹೊರಗಿನಿಂದ ನೋಡಿದರೆ ಮಡಿಕೆ, ಮಡಿಕೆಯ ಹಿಂದೆ ಕಿಂಡಿಯೇ ಇಲ್ಲದ ಇಡೀ ಬಟ್ಟೆ. ಹೊಟ್ಟೆಪಟ್ಟಿಯನ್ನೂ ಒಂದೇ ಎಳೆ ದಾರದಲ್ಲಿ ತೇಲಿಸಿ ಹೊಲಿದ. ಒಂದು ಸಲ ಬೀಳಲಿ, ಒಂದೇ ಒಂದು ಗೀರು ಬೀಳಲಿ, ಆಗ ಮಾವ ಅವನಿಗೂ "ನಿಲ್ಲಿಸೋದು ಕಲಿ ಕಣಪ್ಪ" ಎನ್ನಲಿ. ಇಷ್ಟೇ ಅವನ ಆಸೆ.

ಕೆಲವು ದಿನ ಗಾಳಿ ಸುಮ್ಮನಿತ್ತು. ಆಮೇಲೆ ಒಂದು ಮಧ್ಯಾಹ್ನ ಎದ್ದಿತು. ಬಯಲಿನ ಧೂಳು ಗೋಡೆಯ ಹಾಗೆ ನಿಂತಿತು. ದಬ್ಬಣ ಮಿಷನ್ ನಿಲ್ಲಿಸಿ ಕಿಟಕಿಗೆ ಬಂದ. ಸಂದಿಯಿಂದ ನುಗ್ಗಿದ ಗಾಳಿ ಮೂಲೆಯ ಗೋಡೆಗೆ ಬಡಿದು ತಿರುಗಿ, ಹೊದಿಕೆಯ ಅಡಿಯಿಂದ ಒಳಹೊಕ್ಕಿತು. ಹೊಟ್ಟೆಪಟ್ಟಿ ಟಪ್ಪೆಂದು ಕಿತ್ತುಹೋಯಿತು. ಹೊದಿಕೆ ಉಬ್ಬತೊಡಗಿತು. ತುಂಬು ಬಸುರಿಯಂತೆ ಉಬ್ಬಿತು. ಗಾಡಿ ಅತ್ತ ಇತ್ತ ತೂಗಿತು. ದಬ್ಬಣನ ತುಟಿಯ ತುದಿಯಲ್ಲಿ ನಗು ಬಂದಿತ್ತು. ಅದನ್ನು ಅವನೇ ಕಿಟಕಿಯ ಗಾಜಿನಲ್ಲಿ ನೋಡಿಕೊಂಡ.

ಅಷ್ಟರಲ್ಲಿ ಮಾವ ಜಗಲಿಯಿಂದ ಇಳಿದ. ಜೀವಮಾನವೆಲ್ಲ ವಾಹನ ಓಡಿಸಿದ ಮನುಷ್ಯ, ಗಾಡಿಯೊಂದು ಓಲಾಡುವುದನ್ನು ನೋಡುತ್ತ ಕೂರುವವನಲ್ಲ. ಎರಡೂ ಕೈ ಚಾಚಿ ಅದನ್ನು ಹಿಡಿಯಲು ಹೋದ.

"ಮಾವ, ಬಿಡಿ! ಮುಟ್ಟಬೇಡಿ!" ದಬ್ಬಣ ಕೂಗುತ್ತಲೇ ಓಡಿದ. ಅವನು ಬಾಗಿಲು ದಾಟುವಷ್ಟರಲ್ಲಿ ಗಾಡಿಯೂ ಮಾವನೂ ನೆಲದ ಮೇಲಿದ್ದರು.

ಮಾವನ ಬಲಗೈ ಮಣಿಕಟ್ಟು ಮುರಿದಿತ್ತು. ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿ ಕಳಿಸಿದರು. ಷಡ್ಡಕ ಕೆಲಸದಿಂದ ಓಡಿ ಬಂದವನು ಮಾವನ ಮಂಚದ ಮುಂದೆ ಕೈಕಟ್ಟಿ ನಿಂತ. ಮುಖ ಬಿಳಿಚಿತ್ತು. "ತಪ್ಪು ನಂದು ಮಾವ. ಹೊದಿಕೆ ಪಟ್ಟಿ ಬಿಗಿಯಾಗಿ ಕಟ್ಟಿರ್ಲಿಲ್ಲ ಅನ್ಸತ್ತೆ. ನನ್ನ ಗಾಡಿಯಿಂದ ನಿಮಗೆ ಹೀಗಾಯ್ತು."

"ಬಿಡೋ ಹುಚ್ಚ. ನಿನ್ನದೇನು ತಪ್ಪು, ಗಾಳಿ ಅದು" ಎಂದು ಮಾವ ಎಡಗೈಯಿಂದ ಅವನ ಕೆನ್ನೆ ತಟ್ಟಿದ.

ದಬ್ಬಣ ಬಾಗಿಲ ಹತ್ತಿರ ನೀರಿನ ಲೋಟ ಹಿಡಿದು ನಿಂತಿದ್ದ. ಮಾವನಿಗೆ ನೋವಾಗಿದ್ದಕ್ಕೆ ಅವನಿಗೆ ಸಂಕಟವಾಗಿತ್ತು ನಿಜ. ಆದರೆ ಆ ಸಂಕಟದ ಬುಡದಲ್ಲಿ ಇನ್ನೊಂದು ಹುಳವೂ ಹರಿಯುತ್ತಿತ್ತು. ಮಾಡಿದವನು ತಾನು, ಕೆನ್ನೆ ತಟ್ಟಿಸಿಕೊಂಡವನು ಅವನು. ತನ್ನ ತಪ್ಪಿನ ಕ್ಷಮೆಯೂ ಷಡ್ಡಕನ ಪಾಲಾಯಿತಲ್ಲ! ಮುಂದಿನ ದಿನಗಳಲ್ಲಿ ಷಡ್ಡಕ ರಜೆ ಹಾಕಿ ಮಾವನಿಗೆ ಚಮಚದಲ್ಲಿ ಉಣಿಸುವುದನ್ನು, ಗಡ್ಡ ಹೆರೆಯುವುದನ್ನು ನೋಡಿ ಅವನಿಗೆ ಊಟ ಸೇರದಾಯಿತು. ಯಾರಾದರೂ "ಆ ಹೊದಿಕೆ..." ಎಂದರೆ ಸಾಕು, ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿಕೊಳ್ಳುತ್ತಿದ್ದ.

ಮಣ್ಣಾಗಿದ್ದ ಹೊದಿಕೆಯನ್ನು ಒಗೆಯಲು ತೆಗೆದುಕೊಂಡವಳು ಅವನ ಹೆಂಡತಿ. ಮಡಿಕೆಯೊಳಗಿನ ಮಣ್ಣು ತೆಗೆಯಲು ಬೆರಳು ತೂರಿಸಿದಳು. ಬೆರಳು ಆಚೆಗೆ ಹೋಗಲಿಲ್ಲ. ಇನ್ನೊಂದು ಮಗ್ಗುಲಿಗೂ ತೂರಿಸಿದಳು. ಮದುವೆಯಾದಾಗಿನಿಂದ ಅವನ ಹೊಲಿಗೆಯ ದಾರದ ತುದಿ ಕತ್ತರಿಸುತ್ತ ಬಂದವಳು. ಅವಳಿಗೆ ಯಾರೂ ಏನೂ ವಿವರಿಸಬೇಕಾಗಿರಲಿಲ್ಲ. ಒದ್ದೆ ಹೊದಿಕೆಯನ್ನು ತಂದು ಮಿಷನ್ನಿನ ಮೇಲೆ ಹಾಕಿದಳು.

"ಕಿಂಡಿ ಎಲ್ಲಿ?"

ಅವನು ಸೂಜಿಗೆ ದಾರ ಪೋಣಿಸತೊಡಗಿದ.

"ಎಲ್ಲಿ ಅಂದೆ. ಊರೋರಿಗೆಲ್ಲ ಇಡ್ತೀರಿ. ನನ್ನ ತಂಗಿ ಗಂಡನಿಗೆ ಯಾಕಿಲ್ಲ?"

"ಮರೆತೆ."

"ಮರೆತೋರು ಮಡಿಕೆ ಹೊಲೀತಾರಾ?" ಅವಳ ದನಿ ಏರಲಿಲ್ಲ, ಅದಕ್ಕೇ ಅವನಿಗೆ ಭಯವಾಯಿತು. "ಎಡಗೈಲಿ ಅಂಗಿ ಗುಂಡಿ ಹಾಕ್ಕೊಳೋಕೆ ಬರ್ದೆ ಒದ್ದಾಡ್ತಿದಾರೆ ನಮ್ಮಪ್ಪ. ನೀವು ಹೇಳ್ತೀರೋ, ನಾನು ಹೇಳ್ಲೋ?"

ಅವನೇ ಹೋದ. ಮಾವ ಜಗಲಿಯಲ್ಲಿ ಒಬ್ಬನೇ ಕೂತಿದ್ದ. ದಬ್ಬಣ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಹೇಳಿದ. ಮಡಿಕೆ, ಬಟ್ಟೆ, ಒಂದೆಳೆ ದಾರ, ಕಿಟಕಿಯಲ್ಲಿ ನಿಂತು ನೋಡಿದ್ದು, ಎಲ್ಲ. ಮಾವ ಪ್ಲಾಸ್ಟರ್ ಹಾಕಿದ ಕೈಯನ್ನು ತೊಡೆಯ ಮೇಲೆ ಸರಿಸಿಟ್ಟುಕೊಂಡ.

"ಯಾಕೆ ಮಾಡ್ದೆ?"

"ಗೋಡೆ ಪಕ್ಕದ ಜಾಗ ಅವನಿಗೆ ಕೊಟ್ರಿ."

"ಅದಕ್ಕಾ? ಅವನು ಹೊಸಬ, ಅವನಿಗೆ ಇಲ್ಲಿನ ಗಾಳಿ ಗೊತ್ತಿಲ್ಲ. ನಿಂದೇನು, ನೀನು ಹೇಗೋ ಸಂಭಾಳಿಸ್ತೀಯ. ನಿನ್ನ ಬಗ್ಗೆ ನನಗೆ ಯಾವತ್ತೂ ಚಿಂತೆ ಇರ್ಲಿಲ್ಲ ಕಣಪ್ಪ."

"ಚಿಂತೆ ಇರ್ಲಿಲ್ಲ ಅನ್ನೋದೇ ನನ್ನ ತಕರಾರು ಮಾವ" ಎಂದ ದಬ್ಬಣ. ಅಂದ ಮೇಲೆ ಅವನಿಗೇ ನಾಚಿಕೆಯಾಯಿತು. ತಲೆ ನರೆತವನು ಮಗುವಿನ ಹಾಗೆ ಮಾತಾಡಿದ್ದ.

"ಹೋಗು, ಅವನಿಗೂ ಹೇಳು. ನನ್ನ ಕೈ ನನ್ನದು. ಗಾಡಿ ಅವನದು" ಎಂದು ಮಾವ ಮುಖ ತಿರುಗಿಸಿದ.

ಷಡ್ಡಕನಿಗೆ ಹೇಳುವುದು ಇನ್ನೂ ಕಷ್ಟವಾಯಿತು. ಸದಾ ಶಿಳ್ಳೆ ಹಾಕುವ ಬಾಯಿ ಗಂಟು ಕಟ್ಟಿಕೊಂಡಿತು. "ಗಾಡಿ ಹಾಳಾದ್ರೆ ಹೋಗ್ಲಿ ಭಾವ" ಎಂದ ಕೊನೆಗೆ. "ಮಾವನ ಮುಂದೆ ಕೈಕಟ್ಟಿ ತಪ್ಪು ನಂದು ಅಂತ ನಿಂತಿದ್ನಲ್ಲ, ಆಗ ನೀನು ಅಲ್ಲೇ ಬಾಗಿಲಲ್ಲಿದ್ದೆ. ಲೋಟ ಹಿಡ್ಕೊಂಡು." ಅಷ್ಟು ಹೇಳಿ ಮೆಟ್ಟಿಲು ಹತ್ತಿ ಹೋದ. ಆಮೇಲೆ ಎಷ್ಟೋ ದಿನ ಅಂಗಡಿಯ ಮುಂದೆ ಹಾದುಹೋದರೂ ಒಳಗೆ ತಿರುಗಿ ನೋಡಲಿಲ್ಲ. ದಬ್ಬಣನಿಗೆ ಆ ಶಿಳ್ಳೆ ಕೇಳದೆ ಮನೆ ಭಣಭಣ ಎನ್ನಿಸಿತು. ಹಾಗೆ ಅನ್ನಿಸಿದ್ದಕ್ಕೂ ಸಿಟ್ಟು ಬಂತು.

ಗಾಳಿಗೆ ಇವರ ಜಗಳ ಗೊತ್ತಿರಲಿಲ್ಲ. ಅದು ಬೀಸುತ್ತಲೇ ಇತ್ತು. ದಬ್ಬಣ ಬಾಯಲ್ಲಿ ಹೇಳಲಾಗದ್ದನ್ನು ಕೈಯಲ್ಲಿ ಮಾಡಲು ಹೊರಟ. ಸಂದಿಯ ಬಾಯಿಗೆ ಬಿದಿರಿನ ತಡಿಕೆಯೊಂದನ್ನು ಕಟ್ಟತೊಡಗಿದ. ಬಿದಿರು ಸೀಳಿ, ದಬ್ಬೆ ದಬ್ಬೆಯ ನಡುವೆ ಬೆರಳಗಲ ಜಾಗ ಬಿಟ್ಟ. ಪೂರ್ತಿ ಮುಚ್ಚಿದರೆ ಗಾಳಿ ಮೇಲಿಂದ ಹಾರಿ ಅಂಗಳದಲ್ಲಿ ಸುಳಿ ತಿರುಗುತ್ತದೆ. ಸೋಸಿ ಬಿಟ್ಟರೆ ಸೋಲುತ್ತದೆ. ಒಬ್ಬನೇ ಒಂದು ತುದಿ ಹಿಡಿದರೆ ಇನ್ನೊಂದು ತುದಿ ಬೀಳುತ್ತಿತ್ತು. ಮಾವ ಜಗಲಿಯಿಂದ ನೋಡುತ್ತಿದ್ದ, ಸಹಾಯಕ್ಕೆ ಯಾರನ್ನೂ ಕರೆಯಲಿಲ್ಲ. ಕೊನೆಗೆ ಷಡ್ಡಕನೇ ಇಳಿದು ಬಂದು ಬಿದ್ದ ತುದಿ ಎತ್ತಿ ಹಿಡಿದ.

"ಕಟ್ಟು" ಎಂದ.

ಮಾತು ಅಷ್ಟೇ. ತಡಿಕೆ ಆದ ಮೇಲೆ ನೆಲ ಅಗೆದು ಕಬ್ಬಿಣದ ಬಳೆಗಳನ್ನು ಸಿಮೆಂಟಿನಲ್ಲಿ ಕೂರಿಸಿದರು. ಗಾಡಿಗಳ ಮೂತಿ ಗಾಳಿ ಬರುವ ದಿಕ್ಕಿಗೆ ತಿರುಗಿಸಿ, ಗೇರಿಗೆ ಹಾಕಿ, ಬಳೆಗೆ ಪಟ್ಟಿ ಬಿಗಿದರು. ಸ್ಟ್ಯಾಂಡಿನ ಕಾಲೂರುವ ಕಡೆ ಮಣ್ಣು ಕುಸಿಯದಂತೆ ಚಪ್ಪಡಿ ಹಾಕಿದರು. ದಬ್ಬಣ ಕೆಂಪು ಗಾಡಿಯ ಹೊದಿಕೆಯನ್ನು ಷಡ್ಡಕನ ಕಣ್ಣೆದುರಿಗೇ ಕತ್ತರಿಸಿ ಕಿಂಡಿ ತೆರೆದು ಬಲೆ ಕೂರಿಸಿದ. ಷಡ್ಡಕ ಬೆರಳು ತೂರಿಸಿ ನೋಡಿಯೇ ತೆಗೆದುಕೊಂಡ. ಆ ಬೆರಳು ದಬ್ಬಣನ ಎದೆಗೇ ತೂರಿದಂತಾಯಿತು.

ಮುಂದಿನ ದೊಡ್ಡ ಗಾಳಿಗೆ ಬೀದಿಯಲ್ಲಿ ಎಷ್ಟೋ ಗಾಡಿಗಳು ಮಗುಚಿದವು. ಈ ಅಂಗಳದಲ್ಲಿ ಹೊದಿಕೆ ಪಟಪಟಿಸಿತು, ಅಷ್ಟೇ. ಸಂಜೆ ಪಕ್ಕದ ಮನೆಯ ಮೇಷ್ಟ್ರು ಬಂದು ತಡಿಕೆಯನ್ನು ಮುಟ್ಟಿ ನೋಡಿದರು. "ಯಾರು ಮಾಡಿದ್ದು ಇದು? ಭಾರಿ ಚೆನ್ನಾಗಿದೆ."

ದಬ್ಬಣ ಅಂಗಡಿಯೊಳಗೆ ಮಿಷನ್ನಿನ ಚಕ್ರವನ್ನು ಕೈಯಲ್ಲಿ ಹಿಡಿದು ನಿಲ್ಲಿಸಿದ. ತಡಿಕೆಯ ಯೋಚನೆ ಅವನದು, ಬಿದಿರು ಸೀಳಿದ್ದು ಅವನು, ಬೆರಳಗಲದ ಲೆಕ್ಕ ಅವನದು. ಒಂದು ಮಾತು, ಹಳೆಯ ಆ ಕಂಬದ ಮಾತು ಬಂದರೆ ಸಾಕಿತ್ತು.

"ನಮ್ಮ ಅಳಿಯಂದಿರು ಮಾಡಿದ್ದು" ಎಂದ ಮಾವ.

ಅಳಿಯಂದಿರು. ದಬ್ಬಣ ಆ ಬಹುವಚನವನ್ನು ಬಾಯಲ್ಲಿ ಹೊರಳಾಡಿಸಿ ನೋಡಿದ. ಸಿಹಿಯಲ್ಲಿ ಅರ್ಧ ಪಾಲು. ಹೊಟ್ಟೆಯಲ್ಲಿ ಹಳೆಯ ಕಿಚ್ಚು ಸಣ್ಣಗೆ ಹೊಗೆಯಾಡಿತು. ಅದು ಪೂರ್ತಿ ಆರುವ ಜಾತಿಯದಲ್ಲ ಎಂದು ಅವನಿಗೆ ಈಗ ಗೊತ್ತಾಗಿತ್ತು. ಹೊರಗೆ ಷಡ್ಡಕ, "ಬಿದಿರು ಸೀಳಿದ್ದೆಲ್ಲ ಭಾವನೇ, ನಾನು ಬರೀ ತುದಿ ಹಿಡಿದೋನು" ಎನ್ನುತ್ತಿದ್ದ.

ಅದನ್ನೂ ಅವನೇ ಹೇಳಿಬಿಟ್ಟನಲ್ಲ ಎಂದುಕೊಳ್ಳುತ್ತ ದಬ್ಬಣ ಚಕ್ರ ಬಿಟ್ಟು ಮಿಷನ್ ತುಳಿದ. ಮೇಷ್ಟ್ರು ಒಳಗೆ ಬಂದು ತಮ್ಮ ಗಾಡಿಗೂ ಒಂದು ಹೊದಿಕೆ ಬೇಕೆಂದರು. ಅವನು ಅಳತೆಪಟ್ಟಿ ತೆಗೆದುಕೊಂಡು ಅವರ ಹಿಂದೆ ನಡೆದ.