ಕೆರೆ ಏರಿಯ ಮೇಲೆ ಕೂತ ಬಾಯ್ಲರ್

೧೯೫೯ರಲ್ಲಿ ನಾನು ಗೌರಿಬಿದನೂರಿನಲ್ಲಿ ಭಾರದ ಯಂತ್ರಗಳನ್ನು ಸಾಗಿಸುವ ಗುತ್ತಿಗೆ ಕೆಲಸ ಮಾಡುತ್ತಿದ್ದೆ. ಯುದ್ಧ ಮುಗಿದ ಮೇಲೆ ಹರಾಜಿನಲ್ಲಿ ಕೊಂಡ ಒಂದು ಮಿಲಿಟರಿ ಟ್ರೈಲರ್, ಅದನ್ನು ಎಳೆಯಲು ಒಂದು ಟ್ರಾಕ್ಟರ್, ಕೈಯಿಂದ ತಿರುಗಿಸಿ ಭಾರ ಎಳೆಯುವ ಎರಡು ವಿಂಚು, ಕೆಲವು ಜಾಕಿಗಳು, ರೈಲ್ವೆಯವರು ಹಳಿಯ ಕೆಳಗಿನಿಂದ ತೆಗೆದು ಬಿಸಾಡಿದ ಮರದ ಸ್ಲೀಪರುಗಳು, ಭಾರ ಎತ್ತಿ ಇಳಿಸುವ ಎಂಟು ಜನ ಖಲಾಸಿಗಳು: ಇಷ್ಟೇ ನನ್ನ ಸಂಸ್ಥಾನ. ಅಕ್ಕಿ ಗಿರಣಿಯ ಎಂಜಿನ್ನು, ಕಲ್ಲು ಒಡೆಯುವ ಕ್ರಷರ್, ವಿದ್ಯುತ್ ಟ್ರಾನ್ಸ್‌ಫಾರ್ಮರ್ ಎಲ್ಲವೂ ರೈಲಿನಲ್ಲಿ ಬಂದು ನಮ್ಮೂರ ಗೂಡ್ಸ್ ಷೆಡ್ಡಿನಲ್ಲಿ ಇಳಿಯುತ್ತಿದ್ದವು. ಅಲ್ಲಿಂದ ಅವುಗಳ ಜಾಗಕ್ಕೆ ತಲುಪಿಸುವುದು ನನ್ನ ಹೊಣೆ.

ಈ ಕೆಲಸದಲ್ಲಿ ಕಬ್ಬಿಣದ ಭಾರಕ್ಕಿಂತ ಮನುಷ್ಯರ ಸಣ್ಣತನ ಹೊರುವುದೇ ನನಗೆ ಕಷ್ಟವಾಗಿತ್ತು. ಹತ್ತು ಸಾವಿರ ಸುರಿದು ಯಂತ್ರ ಕೊಂಡವರು ಅದನ್ನು ಸಾಗಿಸುವ ಮಾತು ಬಂದ ಕೂಡಲೇ ಸೊಪ್ಪಿನವಳ ಮುಂದೆ ಕುಕ್ಕರುಗಾಲಲ್ಲಿ ಕೂತವರಂತೆ ಆಗಿಬಿಡುತ್ತಿದ್ದರು. 'ಎಳೆಯೋದು ಟ್ರಾಕ್ಟರ್ ತಾನೆ, ನಿನ್ನ ಗಂಟೇನು ಹೋಗುತ್ತೆ' ಎಂಬ ಮಾತನ್ನು ನಾನು ಕೇಳಿಸಿಕೊಂಡಷ್ಟು ಸಲ ನಮ್ಮ ಮಸೀದಿಯ ಬಾಂಗನ್ನೂ ಕೇಳಿರಲಾರೆ.

ಬಾಡಿಗೆ ಹೇಳುವಾಗ ನಾನು ಮೂರು ವಿಷಯ ನೋಡುತ್ತಿದ್ದೆ. ಸರಕಿನ ತೂಕ, ದಾರಿ, ಮತ್ತು ಇಳಿಸುವ ಜಾಗ. ಇದರಲ್ಲಿ ದಾರಿಯೇ ಮುಖ್ಯ. ಆಕ್ಸಲ್ ಲೋಡ್ ಎನ್ನುವ ಮಾತೊಂದಿದೆ. ಒಂದು ಜೊತೆ ಚಕ್ರ ನೆಲವನ್ನು ಎಷ್ಟು ಭಾರದಿಂದ ಒತ್ತುತ್ತದೆ ಎಂಬ ಲೆಕ್ಕ ಅದು. ನೂರು ಮೂಟೆ ರಾಗಿಯನ್ನು ಹತ್ತು ಗಾಡಿಗೆ ಹಂಚಿದರೆ ಯಾವ ದಾರಿಯೂ ತಾಳುತ್ತದೆ. ಅಷ್ಟೇ ತೂಕದ ಒಂದೇ ಕಬ್ಬಿಣವನ್ನು ಹಂಚಲು ಬರುವುದಿಲ್ಲ. ಅದು ಎಲ್ಲಿ ನಿಂತಿತೋ ಅಲ್ಲಿಯೇ ಪೂರಾ ನಿಲ್ಲುತ್ತದೆ.

ಆ ವರ್ಷ ಶಿಡ್ಲಘಟ್ಟ ತಾಲ್ಲೂಕಿನ ಮೇಲೂರಿನ ಕಡೆ ಕೆಲವು ಜಮೀನುದಾರರು ಸೇರಿ ಫಿಲೇಚರ್ ಹಾಕಲು ಹೊರಟಿದ್ದರು. ಫಿಲೇಚರ್ ಎಂದರೆ ಹಬೆಯಲ್ಲಿ ಗೂಡು ಬೇಯಿಸಿ ರೇಷ್ಮೆ ಬಿಚ್ಚುವ ಕಾರ್ಖಾನೆ. ಹಬೆಗೆ ಬಾಯ್ಲರ್ ಬೇಕು. ಬೊಂಬಾಯಿ ಕಡೆಯ ಯಾವುದೋ ಮುಚ್ಚಿದ ಗಿರಣಿಯಿಂದ ಎಂಟು ಟನ್ನಿನ ಹಳೆಯ ಬಾಯ್ಲರ್ ಕೊಂಡು ತರಿಸಿದ್ದರು. ಚಿಕ್ಕಬಳ್ಳಾಪುರ, ಶಿಡ್ಲಘಟ್ಟಕ್ಕೆ ಆಗ ಇದ್ದದ್ದು ಸಣ್ಣ ಗೇಜಿನ ರೈಲು. ಅದರ ವ್ಯಾಗನ್ನಿಗೆ ಇಂಥ ಸರಕು ಏರಿಸುವ ಮಾತೇ ಇರಲಿಲ್ಲ. ಹಾಗಾಗಿ ಬಾಯ್ಲರ್ ನಮ್ಮೂರಿನಲ್ಲಿ ಇಳಿಯಿತು, ಅದರ ಹಿಂದೆಯೇ ಫಿಲೇಚರಿನ ಅಧ್ಯಕ್ಷರು ಅಶ್ವತ್ಥಪ್ಪನವರು ಬಂದರು.

ಅಶ್ವತ್ಥಪ್ಪನವರದು ದೊಡ್ಡ ಮನೆತನ. ರೇಷ್ಮೆ ಅಂಚಿನ ಪಂಚೆ, ಕೈಯಲ್ಲಿ ಬೆಳ್ಳಿ ಹಿಡಿಯ ಕೋಲು, ನಾಲಿಗೆಯಲ್ಲಿ ಮಾತ್ರ ಚಿಲ್ಲರೆ. ನಾನು ಒಂಬೈನೂರು ರೂಪಾಯಿ ಹೇಳಿದೆ. ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟದ ಊರೊಳಗೆ ಹೋಗಿ ಸುತ್ತಿಕೊಂಡು ಮೇಲೂರಿಗೆ ಬರುವ ದಾರಿಗೆ ಆ ಬಾಡಿಗೆ. ಅವರು ನಕ್ಕರು.

"ಏನಪ್ಪಾ ಸಾಬು, ನಡುವೆ ಕೆರೆ ಏರಿ ಮೇಲೆ ನೆಟ್ಟಗೆ ದಾರಿ ಐತಲ್ಲ. ಏಳು ಮೈಲಿ ಉಳೀತದೆ. ನಮ್ಮ ಗಾಡಿಗಳು ದಿನಾ ಓಡಾಡ್ತವೆ. ನೀನು ಸುತ್ತು ಹಾಕ್ಕೊಂಡು ಬಂದು ದುಡ್ಡು ನನ್ನ ತಲೆ ಮೇಲೆ ಹಾಕ್ತೀಯಾ?"

ಏರಿ ಕಟ್ಟಿರುವುದು ನೀರು ನಿಲ್ಲಿಸುವುದಕ್ಕೆ, ಬಾಯ್ಲರ್ ಹೊರುವುದಕ್ಕಲ್ಲ ಎಂದೆ. ಹಸ್ತದ ಮಳೆ ಹಿಡಿದಿದೆ, ಕೆರೆ ತುಂಬಿರುತ್ತದೆ, ಮಣ್ಣು ನೆನೆದಿರುತ್ತದೆ ಎಂದೂ ಹೇಳಿದೆ. ಅವರು ನನ್ನ ಮಾತನ್ನು ಪೂರ್ತಿ ಕೇಳಲಿಲ್ಲ. ಬಾಡಿಗೆ ಏರಿಸಲು ಸಾಬಿ ಕಥೆ ಕಟ್ಟುತ್ತಿದ್ದಾನೆ ಎಂದು ಜೊತೆಯಲ್ಲಿ ಬಂದಿದ್ದ ಪಾಲುದಾರರಿಗೆ ನನ್ನ ಎದುರೇ ಹೇಳಿ ಎದ್ದು ಹೋದರು.

ಕೆಲಸ ಚಿಂತಾಮಣಿಯ ಕೃಷ್ಣಪ್ಪನಿಗೆ ಹೋಯಿತು. ಈ ಕೃಷ್ಣಪ್ಪನಿಗೆ ಮೂರು ಲಾರಿಗಳಿದ್ದವು. ಯಾರು ಏನು ಕೇಳಿದರೂ 'ಆಯ್ತು ಬಿಡಣ್ಣ' ಎನ್ನುವ ಬಾಯಿಯೇ ಅವನ ಬಂಡವಾಳ. ಕಡಲೆಕಾಯಿ ಮೂಟೆ ಹೊರುವ, ಐದು ಟನ್ನು ತಾಳುವ ಲಾರಿಯ ಮೇಲೆ ಎಂಟು ಟನ್ನಿನ ಬಾಯ್ಲರ್ ಏರಿಸಿ, ಹಗ್ಗ ಬಿಗಿದು, ಐನೂರು ರೂಪಾಯಿಗೆ ಒಪ್ಪಿಕೊಂಡ. ನನ್ನ ಷೆಡ್ಡಿನ ಮುಂದೆಯೇ ಹಾರನ್ ಹೊಡೆದುಕೊಂಡು ಹೋದ. ಲಾರಿಯ ಹಿಂದಿನ ಸ್ಪ್ರಿಂಗ್ ಪಟ್ಟಿಗಳು ಚಪ್ಪಟೆಯಾಗಿ ಟೈರಿಗೆ ತಾಗುತ್ತಿದ್ದುದನ್ನು ನೋಡಿ ನನ್ನ ಖಲಾಸಿಗಳು ನಕ್ಕರು. ನಾನೂ ನಕ್ಕೆ. ಕಾಸಿಗೆ ತಕ್ಕ ಕಜ್ಜಾಯ ಎಂದುಕೊಂಡು ಬೇರೆ ಕೆಲಸ ನೋಡಿದೆ.

ಎರಡು ದಿನ ಕಳೆದ ಮೇಲೆ ಅಶ್ವತ್ಥಪ್ಪನವರ ಕಾರು ನನ್ನ ಷೆಡ್ಡಿನ ಮುಂದೆ ಬಂದು ನಿಂತಿತು. 'ಸಾಬು' ಹೋಗಿ 'ಸಾಹೇಬರು' ಬಂದಿತ್ತು. ಲಾರಿ ಕೆರೆ ಏರಿಯ ನಡುವೆ ಹೂತುಹೋಗಿತ್ತು. ಹಿಂದಿನ ಚಕ್ರಗಳು ಅಚ್ಚಿನವರೆಗೆ ಇಳಿದು, ಬಾಯ್ಲರ್ ಗದ್ದೆಯ ಕಡೆಗೆ ವಾಲಿಕೊಂಡಿತ್ತು. ಏರಿಯ ಆ ಮಗ್ಗುಲಲ್ಲಿ ಬಿರುಕು ಬಿಟ್ಟು ನೀರು ಜಿನುಗಲು ಶುರುವಾಗಿತ್ತು. ಕೃಷ್ಣಪ್ಪ ಡ್ರೈವರನ್ನು ಅಲ್ಲಿಯೇ ಬಿಟ್ಟು ಊರು ಸೇರಿಕೊಂಡಿದ್ದ. ಏರಿ ಸರಿಯಿಲ್ಲದ್ದು ಹಳ್ಳಿಯವರ ತಪ್ಪು ಎಂದು ಹೇಳಿ ಕಳಿಸಿದ್ದನಂತೆ. ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸುವುದು ಎಂದರೆ ಇದೇ.

ನಾನು ಹೋಗಿ ನೋಡಿದಾಗ ಏರಿಯ ಕೆಳಗೆ ಊರಿಗೆ ಊರೇ ನಿಂತಿತ್ತು. ಸುಮಾರು ಇಪ್ಪತ್ತು ಮನೆಯವರ ಗದ್ದೆ ಆ ಕೆರೆಯನ್ನೇ ನಂಬಿತ್ತು. ನಾಟಿ ಮುಗಿದು ಭತ್ತ ಮೊಣಕಾಲುದ್ದ ಬಂದಿತ್ತು. ಅವರ ಮುಂದೆ ನಿಂತಿದ್ದವನು ಪಿಳ್ಳಪ್ಪ, ಆ ಊರಿನ ನೀರುಗಂಟಿ. ಕೆರೆಯ ತೂಬು ತೆಗೆದು ಮುಚ್ಚಿ ಪ್ರತಿಯೊಬ್ಬರ ಗದ್ದೆಗೆ ಪಾಲಿನಂತೆ ನೀರು ಬಿಡುವುದು ಅವನ ಮನೆತನದ ಕೆಲಸ. ಏರಿ ಒಡೆದರೆ ಗದ್ದೆಯ ಜೊತೆಗೆ ಕೆಳಗಿನ ಕೇರಿಯೂ ಕೊಚ್ಚಿಹೋಗುತ್ತಿತ್ತು. ಮೋಡ ಬೇರೆ ಕವಿದಿತ್ತು.

ಮಾಡಬೇಕಾದದ್ದು ಒಂದೇ. ಭಾರ ತೆಗೆಯುವ ಮೊದಲು ನೀರಿನ ಒತ್ತಡ ಇಳಿಯಬೇಕು. ಅದನ್ನು ನಾನು ಹೇಳುವ ಅಗತ್ಯವೇ ಬರಲಿಲ್ಲ, ಪಿಳ್ಳಪ್ಪನಿಗೂ ಗೊತ್ತಿತ್ತು, ಎಲ್ಲರಿಗೂ ಗೊತ್ತಿತ್ತು. ಯಾರಿಗೂ ಅದನ್ನು ಬಾಯಿಬಿಟ್ಟು ಹೇಳಲು ಮನಸ್ಸಿರಲಿಲ್ಲ, ಅಷ್ಟೆ. ಕೊನೆಗೆ ಪಿಳ್ಳಪ್ಪ ಟವೆಲು ಸೊಂಟಕ್ಕೆ ಕಟ್ಟಿಕೊಂಡು ನೀರಿಗಿಳಿದು ತೂಬು ಪೂರಾ ತೆಗೆದ. ಕಾರ್ತೀಕ ಕಳೆಯುವವರೆಗೆ ಬೇಕಾಗಿದ್ದ ನೀರು ಕಾಲುವೆ ತುಂಬಿ ಹಳ್ಳಕ್ಕೆ ಹರಿದು ಹೋಗುವುದನ್ನು ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನೋಡುತ್ತಿದ್ದರು. ಅಶ್ವತ್ಥಪ್ಪನವರು ಕಾರಿನಲ್ಲಿ ಕೂತು ಗಡಿಯಾರ ನೋಡಿಕೊಳ್ಳುತ್ತಿದ್ದರು.

ನನ್ನ ಬಾಡಿಗೆ ಕೇಳಿದರು. ಒಂಬೈನೂರು ಎಂದೆ. ಅವರಿಗೆ ನಂಬಿಕೆ ಬರಲಿಲ್ಲ. ನಾನು ಎರಡು ಸಾವಿರ ಹೇಳುತ್ತೇನೆ, ತಾವು ಕಾಲು ಹಿಡಿದು ಸಾವಿರದೈನೂರಕ್ಕೆ ಇಳಿಸಬೇಕು ಎಂದು ಸಿದ್ಧವಾಗಿ ಬಂದಿದ್ದರು. ಅದೇ ರೇಟು ಹೇಳಿದ್ದಕ್ಕೆ ಇದರಲ್ಲಿ ಏನೋ ಮೋಸ ಇದೆ ಎಂದು ಹೆದರಿದರು. ನಾನು ಹಾಗೆ ಹೇಳಿದ್ದು ದೊಡ್ಡತನದಿಂದಲ್ಲ. ಹೆಚ್ಚು ಕೇಳಿದ್ದರೆ ಇವನೂ ನನ್ನ ಹಾಗೆಯೇ ಎಂದು ಅವರಿಗೆ ಸಮಾಧಾನವಾಗುತ್ತಿತ್ತು. ಆ ಸಮಾಧಾನ ಅವರಿಗೆ ಸಿಗಬಾರದು ಎಂಬುದಷ್ಟೇ ನನ್ನ ಹಟ.

ಮುಂದಕ್ಕೆ ಎಳೆದರೆ ಮೇಲೂರು ಹತ್ತಿರ, ಹಾಗೇ ಎಳೆದುಬಿಡಿ ಎಂದು ಅವರು ಹೇಳಿ ನೋಡಿದರು. ಬಂದ ಕಡೆಗೇ ವಾಪಸ್ಸು, ಗಟ್ಟಿ ನೆಲ ಅಲ್ಲೇ ಹತ್ತಿರ ಎಂದೆ. ತೂಬು ತೆರೆದೇ ಇಟ್ಟು, ನೀರು ಅರ್ಧಕ್ಕೆ ಇಳಿದ ಮೇಲೆ ಕೆಲಸ ಶುರು ಮಾಡಿದೆವು. ಜಾಕಿ ಕೊಟ್ಟು ಬಾಯ್ಲರನ್ನು ಅಂಗುಲ ಅಂಗುಲವಾಗಿ ಎತ್ತುವುದು, ಎತ್ತಿದಷ್ಟಕ್ಕೂ ಕೆಳಗೆ ಸ್ಲೀಪರ್ ತುಂಬುವುದು. ಇದಕ್ಕೆ ಪ್ಯಾಕಿಂಗ್ ಎನ್ನುತ್ತೇವೆ. ಜಾಕಿ ಜಾರಿದರೂ ಸರಕು ಸ್ಲೀಪರಿನ ಮೇಲೆ ಕೂರುತ್ತದೆಯೇ ಹೊರತು ಮನುಷ್ಯನ ಮೇಲೆ ಬೀಳುವುದಿಲ್ಲ. ಲಾರಿಯನ್ನು ಕೆಳಗಿನಿಂದ ಎಳೆದು ತೆಗೆದು, ಏರಿಯ ಉದ್ದಕ್ಕೂ ಸ್ಲೀಪರ್ ಹಾಸಿ, ಭಾರವನ್ನು ಹರಡಿ, ಉರುಳೆಗಳ ಮೇಲೆ ಬಾಯ್ಲರನ್ನು ವಿಂಚಿನಿಂದ ಹಿಂದಕ್ಕೆ ಎಳೆದೆವು. ಊರಿನ ಗಂಡಸರು ಹೇಳಿಸಿಕೊಳ್ಳದೆ ಬಂದು ಸ್ಲೀಪರ್ ಹೊತ್ತರು. ಮರುದಿನ ಸಂಜೆಯ ಹೊತ್ತಿಗೆ ಬಾಯ್ಲರ್ ಏರಿ ಬಿಟ್ಟು, ಊರಿನ ಹುಣಸೆ ತೋಪಿನಲ್ಲಿ ಗಟ್ಟಿ ನೆಲದ ಮೇಲೆ ಕೂತಿತು. ನನ್ನ ಟ್ರೈಲರ್ ಅಲ್ಲಿಯೇ ನಿಂತಿತ್ತು.

ಅಶ್ವತ್ಥಪ್ಪನವರ ಗತ್ತು ಆ ಗಳಿಗೆಯಲ್ಲೇ ವಾಪಸ್ಸು ಬಂತು. ಬೇಗ ಏರಿಸಿ, ಹೊತ್ತು ಹೋಗುತ್ತಿದೆ ಎಂದರು. ಪಿಳ್ಳಪ್ಪನೂ ಊರಿನ ನಾಲ್ಕು ಜನರೂ ಬಂದು ಅವರ ಮುಂದೆ ನಿಂತು, ಹೋದ ನೀರಿನ ಮಾತು ತೆಗೆದರು. ಭತ್ತ ಒಣಗಿದರೆ ತಿನ್ನಲು ಮನೆಗೊಂದು ಮೂಟೆ ರಾಗಿ ಕೊಡಿಸಿ ಎಂದಷ್ಟೇ ಕೇಳಿದರು. ಏರಿ ರಿಪೇರಿ ತಾವೇ ಮಾಡಿಕೊಳ್ಳುತ್ತೇವೆ ಎಂದರು.

"ನೀರೇನು ನಿಮ್ಮಪ್ಪನ ಮನೆದಾ? ಆಕಾಶದ್ದು. ನಾಳೆ ಮಳೆ ಬಂದ್ರೆ ಕೆರೆ ತುಂಬ್ತದೆ, ಆಗೇನು ಮಾಡ್ತೀರಿ?" ಎಂದರು ಅಧ್ಯಕ್ಷರು.

"ತುಂಬಿದ್ರೆ ನಿಮ್ಮ ಮೂಟೆ ಹೊಲಿಗೆ ಬಿಚ್ಚದೆ ವಾಪಸ್ ತಂದು ಹಾಕ್ತೀವಿ ಸ್ವಾಮಿ" ಎಂದ ಪಿಳ್ಳಪ್ಪ.

ಅಧ್ಯಕ್ಷರು ನನ್ನ ಕಡೆ ತಿರುಗಿ, ಇವರ ಜೊತೆ ಏನು ಮಾತು, ನೀವು ಏರಿಸಿ ಸಾಹೇಬರೇ ಎಂದರು. ಬಾಯ್ಲರ್ ಏರಿಯ ಮೇಲೆ ಇರುವವರೆಗೆ ನಾನು ಬಾಯಿ ಬಿಡುವಂತಿರಲಿಲ್ಲ. ಕೆಲಸ ನಿಲ್ಲಿಸಿದ್ದರೆ ಮುಳುಗುತ್ತಿದ್ದವರು ಆ ಬಡವರು. ಈಗ ಹಾಗಿರಲಿಲ್ಲ. ನಾನು ಖಲಾಸಿಗಳಿಗೆ ಬೀಡಿ ಹಚ್ಚಿಕೊಳ್ಳಿ ಎಂದು ಹೇಳಿದೆ.

"ಯಜಮಾನ್ರೇ, ನನ್ನ ರೇಟು ಹೇಳಿದ್ದೀನಿ. ಅವರ ರೇಟು ಅವರು ಹೇಳವ್ರೆ. ಎರಡೂ ಈ ತೋಪಿಗೆ ಬಂದ ಮೇಲೇನೇ ನನ್ನ ಜಾಕಿ ಏಳೋದು."

ಆಮೇಲೆ ನಡೆದದ್ದನ್ನು ಬರೆಯಲು ನನಗೇ ನಾಚಿಕೆಯಾಗುತ್ತದೆ. ಆ ದೊಡ್ಡ ಮನುಷ್ಯರು ರಾಗಿ ಮೂಟೆಗೂ ಚೌಕಾಸಿ ಮಾಡಿದರು. ಇಪ್ಪತ್ತಕ್ಕೆ ಎಂಟು ಎಂದರು. ಮನೆಗೊಂದು ಯಾಕೆ, ಅಣ್ಣತಮ್ಮಂದಿರು ಹಂಚಿಕೊಂಡು ತಿನ್ನಲಿ ಎಂದರು. ಕೆಲವರದು ಗೇಣಿ ಗದ್ದೆ, ಅವರನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದರು. ಹಸಿದವರ ತಟ್ಟೆ ಎಣಿಸುವ ಆ ಮುಖವನ್ನು ನಾನು ಇಂದಿಗೂ ಮರೆತಿಲ್ಲ. ಮೂರು ದಿನ ಬಾಯ್ಲರ್ ಹುಣಸೆ ಮರದ ಕೆಳಗೆ ಬಿದ್ದಿತ್ತು. ಮಕ್ಕಳು ಅದರೊಳಗೆ ತೂರಿ ಆಡುತ್ತಿದ್ದರು. ನನಗೆ ದಿನಕ್ಕೆ ಎಂಟು ಜನರ ಕೂಲಿ ಬೀಳುತ್ತಿತ್ತು, ಬೀಳಲಿ ಎಂದುಕೊಂಡೆ. ನಾಲ್ಕನೆಯ ದಿನ ಪಾಲುದಾರರೇ ಬೇಸತ್ತು ನನ್ನ ಬಾಡಿಗೆ ಕೊಟ್ಟು, ಇಪ್ಪತ್ತು ಮೂಟೆ ತಂದು ಇಳಿಸಿದರು. ಅಧ್ಯಕ್ಷರು ಅವತ್ತು ಬರಲಿಲ್ಲ. ನಾವು ಶಿಡ್ಲಘಟ್ಟ ಸುತ್ತಿಕೊಂಡು ಹೋಗಿ ಬಾಯ್ಲರನ್ನು ಅದರ ಕಟ್ಟೆಯ ಮೇಲೆ ಕೂರಿಸಿ ಬಂದೆವು.

ಅಷ್ಟು ಹೆದರಿಸಿದ್ದ ಮೋಡ ನಾಲ್ಕು ಹನಿ ಉದುರಿಸಿ ಹೋಯಿತು. ಚಿತ್ತೆ, ಸ್ವಾತಿ ಮಳೆಗಳೂ ಕೈಕೊಟ್ಟವು. ಫಿಲೇಚರಿನ ಪ್ರಾರಂಭೋತ್ಸವಕ್ಕೆ ನನ್ನನ್ನೂ ಕರೆದಿದ್ದರು. ಅಶ್ವತ್ಥಪ್ಪನವರು ಹಾರ ಹಾಕಿಕೊಂಡು, ಪ್ರತಿಯೊಂದು ಬಾಬಿನಲ್ಲೂ ತಾವು ಹೇಗೆ ಉಳಿತಾಯ ಮಾಡಿದೆವೆಂದು ಭಾಷಣ ಮಾಡಿದರು. ಜನ ಚಪ್ಪಾಳೆ ತಟ್ಟಿದರು. ನಾನು ಊಟಕ್ಕೆ ನಿಲ್ಲದೆ ಎದ್ದುಬಂದೆ.

ಬರುವಾಗ ಆ ಕೆರೆಯ ಊರಿನಲ್ಲಿ ಇಳಿದೆ. ಗದ್ದೆಯಲ್ಲಿ ಭತ್ತ ಹೊಡೆ ಬಿಡುವ ಹೊತ್ತಿಗೆ ಒಣಗಿ ನಿಂತಿತ್ತು, ದನ ಬಿಟ್ಟಿದ್ದರು. ಪಿಳ್ಳಪ್ಪ ತೂಬಿನ ಕಲ್ಲಿನ ಮೇಲೆ ಕೂತಿದ್ದ. ಬಿಡಲು ನೀರಿಲ್ಲದಿದ್ದರೂ ಅಲ್ಲಿ ಬಂದು ಕೂರುವುದನ್ನು ಬಿಟ್ಟಿರಲಿಲ್ಲ. ಎಲೆ ಅಡಿಕೆ ಕೊಟ್ಟ. ಸುತ್ತಿನ ದಾರಿಯಲ್ಲಿ ಬರಲು ನಾನು ಮೊದಲು ಕೇಳಿದ್ದು ಎಷ್ಟು, ಆ ಲಾರಿಯವನು ಒಪ್ಪಿಕೊಂಡದ್ದು ಎಷ್ಟು ಎಂದು ವಿಚಾರಿಸಿದ. ನಾನೂರು ರೂಪಾಯಿ ವ್ಯತ್ಯಾಸ ಎಂದೆ.

ಅವನು ಬೆರಳು ಮಡಚಿ ಮನೆಮನೆಯನ್ನೂ ಲೆಕ್ಕ ಹಾಕಿದ.

"ಮನೆಗೆ ಇಪ್ಪತ್ತು ರೂಪಾಯಿ. ಅಷ್ಟೇನಾ ಸಾಬ್ರೇ? ಮೊದ್ಲೇ ನಮಗೊಂದು ಮಾತು ಹೇಳಿದ್ರೆ ನಾವೇ ಎತ್ತಿ ಕೊಟ್ಟುಬಿಡ್ತಿದ್ವಲ್ಲ."

ಆಮೇಲೂ ಬಹಳ ವರ್ಷ ಇದೇ ಕೆಲಸ ಮಾಡಿದೆ. ಬಾಡಿಗೆ ಇಳಿಸಿ ಎಂದು ಬಂದವರನ್ನೆಲ್ಲ, ನೀವು ಕೊಡದ ಪಾಲನ್ನು ಯಾರಿಂದ ಕೊಡಿಸುತ್ತೀರಿ ಎಂದು ಕೇಳುತ್ತಿದ್ದೆ. ಬಹಳ ಜನರಿಗೆ ಅರ್ಥವಾಗುತ್ತಿರಲಿಲ್ಲ. ಅರ್ಥವಾದವರು ಬೇರೆ ಲಾರಿ ಹುಡುಕಿಕೊಂಡು ಹೋಗುತ್ತಿದ್ದರು.